ಮೊದಲ ಗುಟುಕು

ಜನವರಿಯ ಚಳಿ. ಬೆಟ್ಟದ ನೆತ್ತಿಯ ಊರು.
ಇಥಿಯೋಪಿಯಾದ ಈ ಮೂಲೆಯಲ್ಲಿ
ತಿಮ್ಕತ್ ಹಬ್ಬದ ಬೆಳಕು ಹರಿಯುವ ಮೊದಲೇ
ಕೊಳದ ಸುತ್ತ ಬಿಳಿ ಶಾಲುಗಳ ಮಂಜು.
ಯೊರ್ದನ್ ಹೊಳೆಯಲ್ಲಿ, ಮುಳುಗಬೇಕಿಲ್ಲದವನೊಬ್ಬ
ಎಲ್ಲರ ಸಾಲಿನಲ್ಲಿ ನಿಂತು ಮುಳುಗಿದ ದಿನ.

ನಾನು ಗೆಬೆಯೆಹು, ಪುರಸಭೆಯ ಪಂಪಿನವನು.
ಹನ್ನೊಂದು ವರ್ಷದಿಂದ ಚರ್ಚಿನ ಗೋಡೆಯಾಚೆ ನಿಲ್ಲುವವನು.
ನಮ್ಮಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ;
ತಪ್ಪಿದವರು ತಾವೇ ಹೊಸ್ತಿಲ ಕಲ್ಲಿಗೆ ಮುತ್ತಿಟ್ಟು
ಹೊರಗೆ ನಿಂತು ಪ್ರಾರ್ಥನೆ ಕೇಳುತ್ತಾರೆ.

ಆಸ್ಪತ್ರೆಯ ಜನರೇಟರಿನ ಡೀಸೆಲ್ ಕದ್ದು ಮಾರಿದ್ದೆ.
ಆ ರಾತ್ರಿ ಎರಡು ತಾಸು ದೀಪವಿರಲಿಲ್ಲ.
ಯಾರೂ ಸಾಯಲಿಲ್ಲ ಎಂದರು.
ಕತ್ತಲಲ್ಲಿ ಎಣಿಸಿದವರು ಯಾರು?

ಗೇಟಿನ ಬಳಿ ಹುರಿದ ಜವೆ ಮಾರುವ ಮುದುಕಿ ಅಸ್ನಕೆಚ್
ಒಮ್ಮೆ ಬೊಗಸೆ ಕಾಳು ಕೊಟ್ಟು ಅಂದಿದ್ದಳು:
"ಪಾಪವನ್ನೇ ಪೀಠ ಮಾಡಿಕೊಂಡು ಕೂತಿದ್ದೀಯಲ್ಲೋ,
ಅರಸನ ಹಾಗೆ.
ಇಳಿ ಮಾರಾಯ, ಕಾಲು ಜೋಮು ಹಿಡಿದೀತು."
ನನಗೆ ಸಿಟ್ಟು ಬಂತು. ಕಾಳು ಮಾತ್ರ ತಿಂದೆ.

ಇವತ್ತು ಬಿಷಪ್ಪರು ಶಿಲುಬೆಯನ್ನು ನೀರಿಗದ್ದಿ
ಮೂರು ಸಲ ಹರಸಿದರು.
ಡೋಲು, ಕೊಂಬು, ಕಸೂತಿಯ ಕೊಡೆಗಳು.
ಇನ್ನು ಪಂಪು ನೀರೆತ್ತಬೇಕು,
ಪೈಪಿನ ಬಾಯಿಂದ ಜನರ ಮೇಲೆ ಮಳೆಯಾಗಬೇಕು.
ಪಂಪಿನ ಮೈಮೇಲೆ ಕೆಂಪು ಬಣ್ಣದಲ್ಲಿ
ದಾನಿ ಶುಮೆಟ್ ಅವರ ಹೆಸರು;
ಶುಮೆಟ್ ಅವರು ಮೊದಲ ಮೆಟ್ಟಿಲಲ್ಲಿ,
ಕೈಯಲ್ಲಿ ಸಪೂರ ಕತ್ತಿನ ಬೆಳ್ಳಿ ಹೂಜಿ.

ಪಂಪು ಗೊರ್ ಎಂದಿತು, ಕೆಮ್ಮಿತು, ಸುಮ್ಮನಾಯಿತು.

ಐದು ಸಾವಿರ ಅಂಗೈಗಳು ಗಾಳಿಯಲ್ಲಿ ಕಾದವು.
ಯಾವನೋ ಪೋರ ಗೋಡೆ ಹತ್ತಿ ಕೂಗಿದ: ಗೆಬೆಯೆಹು!
ಕೂಗು ಬಾಯಿಂದ ಬಾಯಿಗೆ ಹಬ್ಬಿತು,
ಗೋಡೆ ದಾಟಿತು, ನನ್ನನ್ನು ಹಿಡಿದೆಳೆಯಿತು.
ಬೂಟು ಬಿಚ್ಚಿದ್ದು ನೆನಪಿದೆ.
ಬಾಗಿಲು ದಾಟಿದ್ದು ನೆನಪಿಲ್ಲ.

ಪೈಪಿಗೆ ಗಾಳಿ ಹಿಡಿದಿತ್ತು, ಅಷ್ಟೆ.
ಅದಕ್ಕೊಂದೇ ಮದ್ದು, ಪುಸ್ತಕದಲ್ಲಿಲ್ಲದ್ದು:
ಕೆಸರಿನಲ್ಲಿ ಬೋರಲು ಮಲಗಬೇಕು,
ಪೈಪಿನ ತುದಿಗೆ ಬಾಯಿಟ್ಟು ಹೀರಬೇಕು,
ಕೂಸು ಮೊಲೆ ಚೀಪುವ ಹಾಗೆ.

ಹೀರಿದೆ. ಬರೀ ತುಕ್ಕು.
ಹೀರಿದೆ. ಎಣ್ಣೆಯ ವಾಸನೆ, ಪಾಚಿ.
ಮೂರನೆಯ ಸಲ
ಬಾಯಿ ತುಂಬ ತಣ್ಣಗೆ ನುಗ್ಗಿತು.

ಆಗ ಹೊಳೆಯಿತು:
ಹರಸಿದ ನೀರು ಇದು.
ಬಿಷಪ್ಪರಿಗಿನ್ನೂ ತಾಗಿಲ್ಲ, ಕೂಸುಗಳಿಗೆ ತಾಗಿಲ್ಲ,
ಬೆಳ್ಳಿ ಹೂಜಿಗೆ ತಾಗಿಲ್ಲ.
ಉಗುಳುವ ಹಾಗಿಲ್ಲ. ನುಂಗಲು ನಾನ್ಯಾರು?
ಖಾಲಿ ಹೊಟ್ಟೆಗೆ ಮಾತ್ರ ಈ ನೀರು ಎನ್ನುವುದು ನಿಯಮ.
ನಿನ್ನೆ ರಾತ್ರಿಯಿಂದ ನಾನು ಏನೂ ತಿಂದಿರಲಿಲ್ಲ.
ಉಪವಾಸವೆಂದಲ್ಲ, ಮನೆಯಲ್ಲಿ ಮುನಿಸು.

ಯೋಚಿಸುತ್ತಲೇ ಇದ್ದೆ.
ಗಂಟಲು ನನ್ನನ್ನು ಕೇಳಲಿಲ್ಲ.

ಆಮೇಲೆ ಮಳೆ. ಜನ ಕುಣಿದರು, ಅತ್ತರು,
ಪ್ಲಾಸ್ಟಿಕ್ ಬಾಟಲಿ, ಟೋಪಿ, ಸೆರಗು ಒಡ್ಡಿದರು.
ಹೂಜಿಯ ಸಪೂರ ಬಾಯಿಗೆ ಎಷ್ಟು ಬಿತ್ತೋ ಗೊತ್ತಿಲ್ಲ;
ಶುಮೆಟ್ ಅವರೂ ಕೊನೆಗೆ ಅದನ್ನು ಕೆಳಗಿಟ್ಟು
ಬರಿಗೈ ಚಾಚಿದ್ದು ಕಂಡಿತು.
ಅಸ್ನಕೆಚ್ ಬಾಯ್ತೆರೆದು ನಿಂತಿದ್ದಳು, ಹಕ್ಕಿಮರಿ.
ನಾನು ಕೆಸರಿನಲ್ಲೇ ಇದ್ದೆ, ಪೈಪನ್ನು ತಬ್ಬಿಕೊಂಡು.
ಏಳಬಹುದಿತ್ತು. ಏಳಬೇಕೆನಿಸಲಿಲ್ಲ.

ಆಸ್ಪತ್ರೆಯ ಆ ಎರಡು ತಾಸು ಎಲ್ಲಿಗೂ ಹೋಗಿಲ್ಲ.
ನಾಳೆ ಅಲ್ಲಿಗೆ ಹೋಗಿ ಹೇಳಬೇಕು.
ಯಾರಿಗೆ ಎಂದು ಇನ್ನೂ ತಿಳಿದಿಲ್ಲ.

ಸಂಜೆ ಹೆಂಡತಿ ಮುನಿಸು ಮರೆತು ಮೂಗು ಮುಚ್ಚಿದಳು:
"ಬಾಯೆಲ್ಲ ಡೀಸೆಲ್ ನಾತ, ಮುಕ್ಕಳಿಸಿ ಬಾ."
ತಂಬಿಗೆ ನೀರು ಕೈಗಿಟ್ಟಳು.

ನಾನು ಕಾಲು ತೊಳೆದುಕೊಂಡು ಬಂದೆ.